ಕರಿ ಕಂಬಳಿ ತೊಳೆಯಲು ಅಂಟುವಾಳ

ಶಿರಸಿ ಕಡೆಯವರಿಗೆ ಒಂದು ಸಲಹೆ. ಕುರಿ ಉಣ್ಣೆಯ ಕೈಮಗ್ಗದ ಕಂಬಳಿಗೆ ಸೋಪಿನ ಪುಡಿ, ಬಿಸಿನೀರು ಎರಡೂ ಬೇಡ. ಬೀಜ ತೆಗೆದ ಅಂಟುವಾಳದ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ, ಆ ನೊರೆ ನೀರನ್ನು ತಣ್ಣೀರಿಗೆ ಬೆರೆಸಿ ಕಂಬಳಿ ಅದ್ದಿಡಿ. ಕೈಯಲ್ಲಿ ಮೆಲ್ಲಗೆ ಒತ್ತಿದರೆ ಸಾಕು. ಕಲ್ಲಿಗೆ ಬಡಿಯಬೇಡಿ, ಹಿಂಡಲೂಬೇಡಿ. ಉಣ್ಣೆಯೂ ನಮ್ಮ ಕೂದಲಿನ ಹಾಗೇ ಅಲ್ವಾ, ಕ್ಷಾರದ ಸೋಪಿಗೆ ಸವೆಯುತ್ತದೆ. ಬಿಸಿನೀರಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿ ಕಂಬಳಿ ಕುಗ್ಗಿ ದಪ್ಪವಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ನೀರು ಇಳಿದ ಮೇಲೆ ನೆರಳಲ್ಲಿ ಹಾಸಿ ಒಣಗಿಸಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗುತ್ತದೆ. ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ. ಒಳಗೆ ತೇವ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ. ಜೊತೆಗೆ, ನೇಯುವ ಮುಂಚೆ ನೂಲಿಗೆ ಹಚ್ಚಿದ ಹುಣಸೆ ಬೀಜದ ಗಂಜಿಯೂ ತೊಳೆದಾಗ ಸ್ವಲ್ಪ ಹೋಗುತ್ತದೆ. ಹೊದೆಯಲು ಮೆತ್ತಗಾಗುತ್ತದೆ ನಿಜ, ಆದರೆ ಕೊಪ್ಪೆ ಹಾಕಿ (ಮಳೆಗೆ ಕಂಬಳಿಯನ್ನು ಮಡಚಿ ತಲೆ ಮೇಲಿಂದ ಹೊದ್ದು) ತೋಟಕ್ಕೆ ಹೋಗುವವರಿಗೆ ಆ ಬಿರುಸೇ ಬೇಕು. ಅಂಥ ಕಂಬಳಿಯನ್ನು ಬಿಸಿಲಿಗೆ ಹಾಕಿ ಕೊಡವಿದರೆ ಸಾಕು. ಬೋರ್ಡೋ ದ್ರಾವಣದ (ತೋಟಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಔಷಧದ) ಕಲೆಗೆ, ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರಿನ) ಕಲೆಗೆ ಅಂಟುವಾಳ ನಾಟುವುದಿಲ್ಲ. ಬಣ್ಣದ ಅಂಚಿದ್ದರೆ ಮೊದಲು ಒಂದು ಮೂಲೆ ಅದ್ದಿ ನೋಡಿ. ಕಪ್ಪು ಉಣ್ಣೆ ಕುರಿಯದೇ ಬಣ್ಣವಾದರೆ ಬಿಡುವುದಿಲ್ಲ, ಅಂಚಿನ ಕೆಂಪು ಬಿಡಬಹುದು.