‘ನನ್ನ ಕೈಲಾಗಲ್ಲ’ ಎಂಬ ನಂಬಿಕೆ ಬಿಡಿಸಿಕೊಳ್ಳುವುದು ಹೇಗೆ?

‘ಲೆಕ್ಕ ನನ್ನ ತಲೆಗೆ ಹತ್ತಲ್ಲ’, ‘ನಾಲ್ಕು ಜನರ ಮುಂದೆ ನಾಲಿಗೆ ಹೊರಳಲ್ಲ’, ‘ಈ ವಯಸ್ಸಲ್ಲಿ ಇನ್ನೇನು ಕಲಿಯೋದು’. ಹೀಗೆನ್ನುವವರಿಗೆ ಸುತ್ತಲಿನವರ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಹಾಗೆಲ್ಲ ಅಂದ್ಕೋಬೇಡ, ಪಾಸಿಟಿವ್ ಆಗಿರು.’ ಕೇಳಿದವರು ತಲೆಯಾಡಿಸುತ್ತಾರೆ, ನಂಬಿಕೆ ಇದ್ದಲ್ಲೇ ಇರುತ್ತದೆ. ವಾದ ಮಾಡಿ ಗೆಲ್ಲುವ ವಿಷಯ ಇದಲ್ಲ, ಪರೀಕ್ಷೆ ಮಾಡಿ ನೋಡುವ ವಿಷಯ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಅರಿವಿನ ಚಿಕಿತ್ಸೆ (ಕಾಗ್ನಿಟಿವ್ ಥೆರಪಿ, ಯೋಚನೆಗಳನ್ನು ಪರೀಕ್ಷಿಸಿ ತಿದ್ದಿಕೊಳ್ಳುವ ವಿಧಾನ) ಈ ಕೆಲಸಕ್ಕೊಂದು ಕ್ರಮ ಹಾಕಿಕೊಟ್ಟಿತು. ಅದರ ಮುಖ್ಯ ಹಂತಗಳನ್ನು ಮನೆಯಲ್ಲೇ ಮಾಡಬಹುದು. ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ನು, ಒಂದೆರಡು ತಿಂಗಳ ತಾಳ್ಮೆ.

1. ವಾಕ್ಯವನ್ನು ಹಿಡಿಯಿರಿ

‘ನನಗೆ ಆತ್ಮವಿಶ್ವಾಸ ಕಡಿಮೆ’ ಎಂದು ಬರೆದುಕೊಂಡರೆ ಉಪಯೋಗವಿಲ್ಲ, ಅದು ಬರೀ ಹಣೆಪಟ್ಟಿ. ಒಂದು ವಾರ, ಯಾವುದರಿಂದಲಾದರೂ ನುಣುಚಿಕೊಂಡ ತಕ್ಷಣ ಮೂರು ವಿಷಯ ಗುರುತು ಹಾಕಿಕೊಳ್ಳಿ: ಎಲ್ಲಿದ್ದೆ, ಏನನ್ನು ತಪ್ಪಿಸಿದೆ, ಆಗ ತಲೆಯಲ್ಲಿ ಓಡಿದ ಮಾತೇನು. ಮಾತನ್ನು ಆಡುಭಾಷೆಯಲ್ಲೇ ಬರೆಯಿರಿ, ತಿದ್ದಬೇಡಿ.

ನಂತರ ‘ಅದು ನಿಜವಾದರೆ ಏನಾಗುತ್ತೆ?’ ಎಂದು ಮೂರ್ನಾಲ್ಕು ಸಲ ಕೇಳಿಕೊಳ್ಳಿ. ಮೀಟಿಂಗ್‌ನಲ್ಲಿ ಪ್ರಶ್ನೆ ಕೇಳಲಿಲ್ಲ. ಯಾಕೆ? ‘ಪೆದ್ದು ಪ್ರಶ್ನೆ ಆಗಿಬಿಡುತ್ತೆ.’ ಆದರೆ? ‘ನಗ್ತಾರೆ.’ ನಕ್ಕರೆ? ‘ಆಮೇಲೆ ನನ್ನನ್ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ.’ ಅಲ್ಲಿಗೆ ನಿಲ್ಲಿಸಿ. ಇನ್ನೂ ಕೆದಕಿದರೆ ‘ನಾನು ಯಾವುದಕ್ಕೂ ಬಾರದವನು’ ಎಂಬಲ್ಲಿಗೆ ಇಳಿಯುತ್ತೀರಿ, ಅದನ್ನು ನೇರವಾಗಿ ಪರೀಕ್ಷಿಸಲಾಗದು. ಸಿಕ್ಕಿದ ವಾಕ್ಯವನ್ನು ಎಷ್ಟು ನಂಬುತ್ತೀರೆಂದು 0ಯಿಂದ 100ರೊಳಗೆ ಅಂಕ ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ.

2. ವಾಸ್ತವವನ್ನು ಬೇರೆ ಮಾಡಿ

‘ಕಾರು ಓಡಿಸಲು ಬರಲ್ಲ’ ಎಂಬುದು ಸಂಗತಿ, ಕಲಿತರೆ ಮುಗಿಯಿತು. ‘ಎಷ್ಟು ಕಲಿತರೂ ಬರಲ್ಲ’ ಎಂಬುದು ನಂಬಿಕೆ. ದುಡ್ಡಿಲ್ಲ, ಸಮಯವಿಲ್ಲ ಎಂಬ ನಿಜವಾದ ಅಡ್ಡಿಗಳನ್ನು ನಂಬಿಕೆಗಳ ಪಟ್ಟಿಗೆ ಸೇರಿಸಬೇಡಿ.

3. ಪರ–ವಿರೋಧ ಬರೆಯಿರಿ

ಆ ವಾಕ್ಯ ನಿಜ ಎನ್ನಲು ಏನು ಸಾಕ್ಷಿ, ಅಲ್ಲ ಎನ್ನಲು ಏನು ಸಾಕ್ಷಿ ಎಂದು ಎರಡು ಪಟ್ಟಿ ಮಾಡಿ. ಅರ್ಧ ಗಂಟೆ ಸಾಕು. ತಿಂಗಳುಗಟ್ಟಲೆ ಇದನ್ನೇ ಬರೆಯುತ್ತ ಕೂರುವವರಿದ್ದಾರೆ. ತಲೆಯೊಳಗಿನ ವಕಾಲತ್ತು ಎಂದೂ ಮುಗಿಯುವುದಿಲ್ಲ.

4. ಪರೀಕ್ಷೆ

ಹೆಚ್ಚಿನವರು ಎಡವುವುದು ಇಲ್ಲೇ. ‘ಧೈರ್ಯ ಮಾಡಿ ಮಾಡಿಬಿಟ್ಟೆ, ಆದರೂ ಏನೂ ಬದಲಾಗಲಿಲ್ಲ’ ಎನ್ನುವವರ ನೋಟ್‌ಬುಕ್ ತೆರೆದರೆ ಒಂದೋ ಮೊದಲೇ ಬರೆದ ಊಹೆ ಇರುವುದಿಲ್ಲ, ಇಲ್ಲವೇ ಊಹೆ ಮಸುಕಾಗಿರುತ್ತದೆ.

ಊಹೆಯನ್ನು ಕ್ಯಾಮೆರಾದಲ್ಲಿ ಸೆರೆಯಾಗುವಂತೆ ಬರೆಯಬೇಕು. ‘ಎಲ್ಲರೂ ನಗ್ತಾರೆ’ ಎಂದಲ್ಲ, ‘ಹತ್ತು ಜನರಲ್ಲಿ ಐವರಾದರೂ ನಗ್ತಾರೆ, ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲ್ಲ’ ಎಂದು. ‘ನನಗೆ ಭಯವಾಗುತ್ತೆ’ ಎಂಬುದು ಊಹೆಯೇ ಅಲ್ಲ. ಭಯ ಆಗೇ ಆಗುತ್ತದೆ, ನಾವು ಪರೀಕ್ಷಿಸುತ್ತಿರುವುದು ಭಯವನ್ನಲ್ಲ.

ಪರೀಕ್ಷೆಯ ಗಾತ್ರವನ್ನೂ ನೋಡಿ. ನೂರಕ್ಕೆ 30ರಿಂದ 50ರಷ್ಟು ಭಯ ಹುಟ್ಟಿಸುವ ಕೆಲಸದಿಂದ ಶುರು ಮಾಡಿ. ಮೊದಲ ದಿನವೇ ವೇದಿಕೆ ಹತ್ತಿ ಭಾಷಣ ಮಾಡಹೊರಟವರು ಅರ್ಧಕ್ಕೇ ಇಳಿದು ಬರುತ್ತಾರೆ, ಹಳೆಯ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ಇನ್ನು ಸೂಕ್ಷ್ಮದ ಭಾಗ. ಭಯವಿದ್ದಾಗ ನಾವು ನಮಗೇ ಗೊತ್ತಿಲ್ಲದಂತೆ ಕೆಲವು ರಕ್ಷಣಾ ತಂತ್ರಗಳನ್ನು ಬಳಸುತ್ತೇವೆ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಓದುವುದು, ಯಾರ ಮುಖವನ್ನೂ ನೋಡದೆ ಗಡಿಬಿಡಿಯಲ್ಲಿ ಹೇಳಿ ಮುಗಿಸುವುದು, ಪಕ್ಕದಲ್ಲಿ ಗೆಳತಿಯನ್ನು ಕೂರಿಸಿಕೊಳ್ಳುವುದು, ‘ತಪ್ಪಿದ್ರೆ ಕ್ಷಮಿಸಿ’ ಎಂದೇ ಬಾಯಿ ತೆರೆಯುವುದು. ಬೆಂಡು ಕಟ್ಟಿಕೊಂಡು ನೂರು ಸಲ ಕೆರೆ ದಾಟಿದರೂ ‘ಬೆಂಡು ಇತ್ತು, ಬದುಕಿದೆ’ ಎಂದೇ ಅನ್ನಿಸುತ್ತದೆ. ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕರೂ ಅದರ ಯಶಸ್ಸು ಚೀಟಿಗೆ ಹೋಗುತ್ತದೆ, ನಿಮಗಲ್ಲ. ಆದ್ದರಿಂದ ಪರೀಕ್ಷೆಗೆ ಮುಂಚೆ ನಿಮ್ಮ ತಂತ್ರಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿ ಸಲ ಒಂದನ್ನಾದರೂ ಕೈಬಿಡಿ. ಒಮ್ಮೆಗೇ ಎಲ್ಲವನ್ನೂ ಬಿಡಬೇಕಿಲ್ಲ. ಕ್ಷಮೆ ಕೇಳುವುದನ್ನು ಮೊದಲು ಬಿಡಿ, ಚೀಟಿ ಕೊನೆಗೆ ಹೋಗಲಿ.

ಆದದ್ದನ್ನು ಒಂದು ಗಂಟೆಯೊಳಗೆ ಬರೆಯಿರಿ. ರಾತ್ರಿಗೆ ಮುಂದೂಡಿದರೆ ನೆನಪು ಹಳೆಯ ನಂಬಿಕೆಯ ಪರವಾಗಿ ತಿರುಗಿರುತ್ತದೆ. ಎಷ್ಟು ಜನ ನಕ್ಕರು, ಯಾರು ಏನೆಂದರು, ಇಷ್ಟೇ ಸಾಕು. ‘ಏನೋ ಅದೃಷ್ಟ’, ‘ಅವತ್ತು ಇದ್ದವರೆಲ್ಲ ಒಳ್ಳೆಯವರು’ ಎಂಬ ಮಾತು ಖಂಡಿತ ಏಳುತ್ತದೆ. ಅದನ್ನು ಅಳಿಸಬೇಡಿ, ಇನ್ನೊಂದು ಕಾಲಂನಲ್ಲಿ ಬರೆದು ಅದನ್ನೇ ಮುಂದಿನ ಪರೀಕ್ಷೆಯಾಗಿಸಿ. ಅವರು ಒಳ್ಳೆಯವರಾಗಿದ್ದರೆ, ಮುಂದಿನ ಪ್ರಶ್ನೆ ಗಂಟುಮುಖದವರು ಕೂತ ಕಡೆ.

ಊಹೆ ನಿಜವಾಗಿಬಿಟ್ಟರೆ? ಐವರು ನಕ್ಕೇಬಿಟ್ಟರು ಎನ್ನಿ. ವಾಕ್ಯದ ಉಳಿದರ್ಧವನ್ನು ನೋಡಿ. ‘ಲೆಕ್ಕಕ್ಕೇ ಇಟ್ಕೊಳ್ಳಲ್ಲ’ ಎಂದಿದ್ದಿರಲ್ಲ, ಮರುದಿನ ಅವರಲ್ಲಿ ಯಾರಾದರೂ ಕೆಲಸದ ಮಾತಾಡಲು ನಿಮ್ಮ ಬಳಿ ಬಂದರೋ ಇಲ್ಲವೋ ಬರೆದಿಡಿ. ಮಾತು ನಿಜಕ್ಕೂ ಗೊಂದಲವಾಗಿದ್ದರೆ ನಿಮಗೆ ಬೇಕಿರುವುದು ಅಭ್ಯಾಸ. ಎರಡನೇ ಹಂತಕ್ಕೆ ಹಿಂತಿರುಗಿ.

ಒಂದೇ ಜಾಗದಲ್ಲಿ, ಅದೇ ಜನರ ಮುಂದೆ ಮಾಡುತ್ತಿದ್ದರೆ ಸಾಲದು. ಹಳೆಯ ಕಲಿಕೆ ಅಳಿಸಿಹೋಗುವುದಿಲ್ಲ, ಹೊಸ ಕಲಿಕೆ ಅದರ ಪಕ್ಕದಲ್ಲಿ ಬೆಳೆದು ಅದರೊಂದಿಗೆ ಪೈಪೋಟಿಗಿಳಿಯುತ್ತದೆ. ಜಾಗ, ಹೊತ್ತು, ಜನ ಬದಲಾದಷ್ಟೂ ಹೊಸದಕ್ಕೆ ಬಲ. ವಾರಕ್ಕೆ ಎರಡು ಪರೀಕ್ಷೆಗಿಂತ ಕಡಿಮೆಯಾದರೆ ಬಿಸಿ ಆರಿಹೋಗುತ್ತದೆ.

5. ಹೊಸ ವಾಕ್ಯ

ಪರೀಕ್ಷೆಗಳಾದ ಮೇಲೆಯೇ ಇದನ್ನು ಬರೆಯಬೇಕು, ಮೊದಲಲ್ಲ. ಕನ್ನಡಿಯ ಮುಂದೆ ‘ನಾನು ಅದ್ಭುತ ಮಾತುಗಾರ’ ಎಂದು ಹೇಳಿಕೊಳ್ಳುವ ಉಪಾಯಕ್ಕೆ ಕೈ ಹಾಕಬೇಡಿ. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆ್ಯನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಕೀಳರಿಮೆ ಇದ್ದವರು ‘ನಾನು ಪ್ರೀತಿಗೆ ಅರ್ಹ’ ಎಂಬಂಥ ಮಾತನ್ನು ಪುನರಾವರ್ತಿಸಿದಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ನೀವೇ ನಂಬದ ಮಾತಿಗೆ ಒಳಗಿನಿಂದ ತಕರಾರು ಏಳುತ್ತದೆ. ದಿನಕ್ಕೊಂದು ಹೊಗಳಿಕೆ ಕಳಿಸುವ ಆ್ಯಪ್‌ಗಳು, ನಿದ್ದೆಯಲ್ಲಿ ಕೇಳುವ ಆಡಿಯೊಗಳಿಗೆ ದುಡ್ಡು ಸುರಿಯಬೇಡಿ. ‘21 ದಿನದಲ್ಲಿ ಮನಸ್ಸು ಬದಲಾಗುತ್ತೆ’ ಎಂಬ ಜಾಹೀರಾತಿನ ಮೂಲ, ಪ್ಲಾಸ್ಟಿಕ್ ಸರ್ಜನ್ ಒಬ್ಬರು ತಮ್ಮ ರೋಗಿಗಳು ಹೊಸ ಮುಖಕ್ಕೆ ಹೊಂದಿಕೊಳ್ಳುವುದನ್ನು ಕಂಡು 1960ರಲ್ಲಿ ಬರೆದ ಮಾತು. ಅವರೂ ‘ಕನಿಷ್ಠ’ 21 ದಿನ ಎಂದಿದ್ದರು.

ನಿಮಗೆ ನೂರಕ್ಕೆ 60ರಷ್ಟಾದರೂ ನಂಬಿಕೆ ಬರುವ ವಾಕ್ಯ ಬರೆಯಿರಿ: ‘ಪ್ರಶ್ನೆ ಕೇಳುವಾಗ ಧ್ವನಿ ನಡುಗುತ್ತೆ, ಆದರೂ ಹೆಚ್ಚಿನ ಸಲ ಉತ್ತರ ಸಿಗುತ್ತೆ.’ ಸಪ್ಪೆ ಎನಿಸಿದರೆ ಸರಿಯಾಗಿದೆ ಎಂದರ್ಥ.

6. ಲೆಕ್ಕ ಇಡಿ

ದಿನಕ್ಕೊಂದು ಸಾಲು, ಹೊಸ ವಾಕ್ಯವನ್ನು ಬೆಂಬಲಿಸುವ ಒಂದು ಸಣ್ಣ ಸಂಗತಿ.

ನಂಬಿಕೆಯ ಬೇರು ಬಾಲ್ಯದ ಹಿಂಸೆಯಲ್ಲಿದ್ದರೆ, ಎರಡು ವಾರ ಮೀರಿ ಮಂಕು ಕವಿದಿದ್ದರೆ ಅಥವಾ ಬದುಕೇ ಬೇಡ ಎನಿಸುತ್ತಿದ್ದರೆ ನೋಟ್‌ಬುಕ್ ಬದಿಗಿಟ್ಟು ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಒಬ್ಬರೇ ಮಾಡುವ ಕೆಲಸ ಅದಲ್ಲ.

ಉಳಿದವರು ಎರಡು ವಾರಕ್ಕೊಮ್ಮೆ ಹಳೆಯ ವಾಕ್ಯಕ್ಕೆ ಮತ್ತೆ ಅಂಕ ಹಾಕಿ. ನಿದ್ದೆಗೆಟ್ಟಾಗ, ಜಗಳವಾದಾಗ ಅಂಕ ಏರುವುದು ಸಹಜ, ಆ ದಿನ ಅಳೆಯಬೇಡಿ. 90ರಲ್ಲಿದ್ದದ್ದು 40ಕ್ಕೆ ಇಳಿದರೆ ಸಾಕು. ಸೊನ್ನೆಯಾಗಲಿ ಎಂದು ಕಾಯದೆ ಪಟ್ಟಿಯ ಮುಂದಿನ ವಾಕ್ಯವನ್ನು ಎತ್ತಿಕೊಳ್ಳಿ.