ರಟ್ಟಿನ ಕೈ ಮಡಚಬೇಕೆ? ದಾರ ಎಲ್ಲಿ ಕಟ್ಟುತ್ತೀರಿ ನೋಡಿ

ವಿಜ್ಞಾನ ಪ್ರದರ್ಶನ ಬಂತೆಂದರೆ ಮಕ್ಕಳು ರಟ್ಟಿನಲ್ಲಿ ಕೈ ಮಾಡಿಕೊಂಡು ಬರುತ್ತಾರೆ. ಬಣ್ಣ ಚೆನ್ನಾಗಿರುತ್ತದೆ, ಮೂಳೆಗಳ ಹೆಸರನ್ನೂ ಅಚ್ಚುಕಟ್ಟಾಗಿ ಬರೆದಿರುತ್ತಾರೆ. ದಾರ ಎಳೆದರೆ ಮಾತ್ರ ಕೈ ಮಡಚುವುದಿಲ್ಲ. ಕೊನೆಗೆ ಮಗು ಬೆರಳಿನಿಂದಲೇ ಅದನ್ನು ಎತ್ತಿ ತೋರಿಸಿ ಸುಮ್ಮನಾಗುತ್ತದೆ. ಅಷ್ಟು ಕಷ್ಟಪಟ್ಟ ಮಗುವಿನ ಮುಖ ಸಪ್ಪಗಾಗುವುದನ್ನು ಹಲವು ಸಲ ನೋಡಿದ್ದೇನೆ. ತಪ್ಪು ಇರುವುದು ಹೆಚ್ಚಾಗಿ ಒಂದೇ ಕಡೆ, ದಾರ ಕಟ್ಟುವ ಜಾಗದಲ್ಲಿ.

ಕತ್ತರಿ ಹಿಡಿಯುವ ಮೊದಲು ನಿಮ್ಮದೇ ಮೊಣಕೈ ಮುಟ್ಟಿ ನೋಡಿ. ಹಿಂಬದಿಯಲ್ಲಿ ಚೂಪಾಗಿ ಸಿಗುವ ಗಟ್ಟಿ ಭಾಗ ತೋಳಿನ ಮೂಳೆಯದ್ದಲ್ಲ. ಅದು ಮುಂಗೈಯ ಎರಡು ಮೂಳೆಗಳಲ್ಲಿ ಕಿರುಬೆರಳಿನ ಕಡೆ ಇರುವ ಅಲ್ನಾದ ತುದಿ. ಈಗ ಕೈಯನ್ನು ಅರ್ಧ ಮಡಚಿ, ಅಂಗೈ ಮೇಲೆ ಮಾಡಿ, ಮೇಜಿನ ಅಡಿಯಿಂದ ಮೇಲಕ್ಕೆ ಒತ್ತಿ. ಮೊಣಕೈಯ ಒಳಮಡಿಕೆಯಲ್ಲಿ ಹಗ್ಗದಂಥದ್ದು ಬಿಗಿಯಾಗಿ ಕೈಗೆ ಸಿಗುತ್ತದೆ. ಅದು ತೋಳಿನ ಮುಂಭಾಗದಲ್ಲಿ ಉಬ್ಬುವ ಬೈಸೆಪ್ಸ್ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ಬೆರಳಿಟ್ಟು ಹಿಂಬಾಲಿಸಿದರೆ ಅದು ಮಡಿಕೆ ದಾಟಿ ಮುಂಗೈಯೊಳಗೆ ಇಳಿಯುತ್ತದೆ. ಅಲ್ಲಿ ಹೆಬ್ಬೆರಳಿನ ಕಡೆಯ ಮೂಳೆಗೆ, ಅಂದರೆ ರೇಡಿಯಸ್‌ಗೆ, ಅಂಟಿಕೊಂಡಿದೆ. ಈ ಎರಡು ಜಾಗ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಹಂತ 1. ದಪ್ಪ ರಟ್ಟಿನಲ್ಲಿ 5 ಸೆಂ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ. ತೋಳಿಗೆ 30 ಸೆಂ.ಮೀ., ಮುಂಗೈಗೆ 31 ಸೆಂ.ಮೀ. ಥರ್ಮಾಕೋಲ್ ಬೇಡವೇ ಬೇಡ. ನಾಲ್ಕು ಸಲ ಮಡಚುವಷ್ಟರಲ್ಲಿ ಅದರ ತೂತು ಅಗಲವಾಗಿ ಕೀಲು ಅಲ್ಲಾಡತೊಡಗುತ್ತದೆ.

ಹಂತ 2. ತೋಳಿನ ಪಟ್ಟಿಯ ಕೆಳತುದಿಗೆ ಒಂದು ತೂತು. ಮುಂಗೈ ಪಟ್ಟಿಯ ತೂತು ಮಾತ್ರ ತುದಿಯಲ್ಲೇ ಬೇಡ, 3 ಸೆಂ.ಮೀ. ಒಳಗೆ ಇರಲಿ. ಆಚೆ ಉಳಿಯುವ ತುಂಡೇ ನೀವು ಈಗ ಮುಟ್ಟಿದ ಅಲ್ನಾದ ತುದಿ. ಅದಿಲ್ಲದಿದ್ದರೆ ಕೈ ಚಾಚುವ, ತೋಳಿನ ಹಿಂಬದಿಯ ಸ್ನಾಯುವಾದ ಟ್ರೈಸೆಪ್ಸ್‌ಗೆ ಹಿಡಿದು ಎಳೆಯಲು ಏನೂ ಇರುವುದಿಲ್ಲ. ಎರಡೂ ಪಟ್ಟಿಗಳ ನಡುವೆ ಪ್ಲಾಸ್ಟಿಕ್ ಮುಚ್ಚಳದಿಂದ ಕತ್ತರಿಸಿದ ನುಣುಪಾದ ಬಿಲ್ಲೆ ಇಟ್ಟು ನಟ್ಟು-ಬೋಲ್ಟು ಹಾಕಿ. ನಟ್ಟನ್ನು ಪೂರ್ತಿ ಬಿಗಿದು ಅರ್ಧ ಸುತ್ತು ಸಡಿಲಿಸಿ. ಆ ಬಿಲ್ಲೆ ಮೃದ್ವಸ್ಥಿಯ, ಅಂದರೆ ಮೂಳೆತುದಿಗಳನ್ನು ಮುಚ್ಚುವ ನುಣುಪು ಪದರದ, ಜಾಗದಲ್ಲಿದೆ. ನಮ್ಮ ಕೀಲಿನಲ್ಲಿ ಅದು ಕೆಲವೇ ಮಿಲಿಮೀಟರ್ ದಪ್ಪ, ರಕ್ತನಾಳಗಳೂ ಇಲ್ಲ. ಕೀಲಿನೊಳಗಿನ ಲೋಳೆಯಂಥ ದ್ರವವೇ ಅದಕ್ಕೆ ಆಹಾರ, ಅದೇ ಕೀಲೆಣ್ಣೆ. ಇಲ್ಲಿ ಬಿಸಿ ಅಂಟಿನ ಗನ್ ತರಬೇಡಿ, ಒಂದು ಹನಿ ಒಳಗಿಳಿದರೂ ಕೀಲು ಕಲ್ಲಾಗುತ್ತದೆ.

ಹಂತ 3. ಎಲ್ಲರೂ ಎಡವುವುದು ಇಲ್ಲಿ. ಬೈಸೆಪ್ಸ್ ತೋಳಿನಲ್ಲಿ ಉಬ್ಬುತ್ತದೆಂದು ದಾರದ ಎರಡೂ ತುದಿಯನ್ನು ತೋಳಿನ ಪಟ್ಟಿಗೇ ಕಟ್ಟುತ್ತಾರೆ. ಕೀಲು ದಾಟದ ದಾರ ಕೀಲನ್ನು ಅಲುಗಿಸಲಾರದು. ಕೆಲವರು ದಾಟಿಸುತ್ತಾರೆ, ಆದರೆ ಪಟ್ಟಿಯ ನಟ್ಟನಡುವೆ. ಆಗ ನೇರವಾಗಿರುವ ಕೈಯಲ್ಲಿ ದಾರ ಸರಿಯಾಗಿ ಬೋಲ್ಟಿನ ಮೇಲೆಯೇ ಹಾಯುತ್ತದೆ. ಎಷ್ಟು ಎಳೆದರೂ ಪಟ್ಟಿಗಳು ಒಂದಕ್ಕೊಂದು ಒತ್ತುತ್ತವೆಯೇ ಹೊರತು ತಿರುಗುವುದಿಲ್ಲ. ದಾರ ಬೋಲ್ಟಿನ ಮುಂದಿನಿಂದ, ಅಂದರೆ ಕೈ ಮಡಚುವ ಬದಿಯಿಂದ, ಹಾಯಬೇಕು.

ಹಾಗಾಗಿ ಬೋಲ್ಟಿನಿಂದ 4 ಸೆಂ.ಮೀ. ಆಚೆಗೆ, ಮುಂಗೈ ಪಟ್ಟಿಯ ಮುಂದಿನ ಅಂಚಿಗೆ ಹತ್ತಿರವಾಗಿ ತೂತು ಮಾಡಿ ದಾರ ಕಟ್ಟಿ. ತೋಳಿನ ಪಟ್ಟಿಯ ಮೇಲಿನ ಅರ್ಧದಲ್ಲಿ, ಅದೇ ಮುಂದಿನ ಅಂಚಿಗೆ ಸ್ಟ್ರಾ ತುಂಡೊಂದನ್ನು ಅಂಟಿಸಿ ಅದರೊಳಗೆ ದಾರ ತೂರಿಸಿ. ಇನ್ನೊಂದು ದಾರವನ್ನು ಅಲ್ನಾದ ತುದಿಗೆ ಕಟ್ಟಿ ಹಿಂದಿನ ಅಂಚಿನ ಸ್ಟ್ರಾದಲ್ಲಿ ಮೇಲೆ ತನ್ನಿ. ಇದು ಟ್ರೈಸೆಪ್ಸ್. ಮುಂದಿನ ದಾರ ಎಳೆದಾಗ ಹಿಂದಿನದನ್ನು ಬಿಡಬೇಕು, ಹಿಂದಿನದನ್ನು ಎಳೆದಾಗ ಮುಂದಿನದನ್ನು. ಸ್ನಾಯುಗಳಿಗೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ದಾರದ ಬದಲು ಎಲಾಸ್ಟಿಕ್ ಹಾಕಿದರೆ ಕೈ ತಾನಾಗಿಯೇ ಹಿಂದಕ್ಕೆ ಹೋಗಿಬಿಡುತ್ತದೆ, ಈ ಕೊಡು-ಕೊಳ್ಳುವಿಕೆ ಕಾಣುವುದೇ ಇಲ್ಲ. ದಾರವನ್ನೇ ಹಾಕಿ. ಕಡ್ಡಿಯಿಂದ ತಳ್ಳಿ ಕೈ ಎತ್ತಿಸುವ ಸಿದ್ಧ ಕಿಟ್‌ಗಳೂ ಸಿಗುತ್ತವೆ, ಅವು ಮಗುವಿಗೆ ತಪ್ಪನ್ನೇ ಕಲಿಸುತ್ತವೆ. ಸ್ನಾಯುವಿನ ಉಬ್ಬು ತೋರಿಸಲು ಬಲೂನು ಅಂಟಿಸುವುದಿದ್ದರೆ ಅಂದಕ್ಕೆ ಅಂಟಿಸಿ, ಕೆಲಸ ಮಾಡುವುದು ದಾರ.

ಹಂತ 4. ಕೈ ಹಿಂದಕ್ಕೆ ಮುರಿದುಕೊಂಡಂತೆ ಬಾಗದಿರಲು ಕೀಲಿನ ಮುಂಭಾಗದಲ್ಲಿ ಎರಡೂ ಪಟ್ಟಿಗಳಿಗೆ ಸೇರಿಸಿ ಒಂದು ಗಿಡ್ಡ ದಾರ ಕಟ್ಟಿ. ಕೈ ನೇರವಾದಾಗ ಅದು ಬಿಗಿಯಾಗಬೇಕು. ನಮ್ಮ ಮೊಣಕೈಯಲ್ಲಿ ಅಲ್ನಾದ ತುದಿ ತೋಳಿನ ಮೂಳೆಯ ಹಿಂಬದಿಯ ಗುಳಿಯಲ್ಲಿ ಕೂತು ಈ ತಡೆ ಒಡ್ಡುತ್ತದೆ.

ಹಂತ 5. ಹೆಸರು ಬರೆಯಿರಿ. ಬೈಸೆಪ್ಸ್‌ನ ಮೇಲಿನ ಎರಡು ತಲೆಗಳೂ ಅಂಟಿರುವುದು ಹೆಗಲ ಮೂಳೆಗೆ, ತೋಳಿನ ಮೂಳೆಗಲ್ಲ. ಇದನ್ನು ತಪ್ಪಾಗಿ ಬರೆಯುವವರು ಬಹಳ.

ಮಾದರಿಯನ್ನು ಲಂಬಕೋನಕ್ಕೆ ಮಡಚಿ ಅಂಗೈ ಜಾಗಕ್ಕೆ ಒಂದು ಪೆನ್ನು ನೇತುಹಾಕಿ ದಾರ ಎಳೆಯಿರಿ. ಹಗುರ ಪೆನ್ನಿಗೂ ಬೆರಳಿಗೆ ಭಾರ ಬೀಳುತ್ತದೆ, ಹೊರೆಯ ಸುಮಾರು 6–7 ಪಟ್ಟು. ದಾರ ಕೀಲಿಗೆ ಅಷ್ಟು ಹತ್ತಿರ ಇರುವುದರ ಬೆಲೆ ಅದು. ಅದಕ್ಕೆ ಪ್ರತಿಯಾಗಿ, ದಾರ 1 ಸೆಂ.ಮೀ. ಸರಿದರೆ ಅಂಗೈ 6–7 ಸೆಂ.ಮೀ. ಸಾಗುತ್ತದೆ.

ಅಂಗೈ ಮಗುಚುವುದನ್ನು ಈ ಮಾದರಿ ತೋರಿಸಲಾರದು. ಅದನ್ನು ಮಗು ತನ್ನ ಕೈಯಲ್ಲೇ ತೋರಿಸಲಿ. ಬಲ ಮೊಣಕೈ ಮಡಚಿ, ಎಡಗೈಯನ್ನು ಬೈಸೆಪ್ಸ್ ಮೇಲಿಟ್ಟು, ಸ್ಕ್ರೂ ಬಿಗಿಯುವಂತೆ ಅಂಗೈಯನ್ನು ಜೋರಾಗಿ ಮೇಲ್ಮುಖ ಮಾಡಿದರೆ ಸ್ನಾಯು ಗಟ್ಟಿಯಾಗುತ್ತದೆ. ಮೊಣಕೈ ಮಡಚಿದ್ದಲ್ಲೇ ಇದೆ. ಬೈಸೆಪ್ಸ್ ಎಳೆದು ಉರುಳಿಸುತ್ತಿರುವುದು ರೇಡಿಯಸ್ಸನ್ನು.