ಪಾಚಿ ಮೀನು ತರುವ ಮೊದಲು ಪಾಚಿ ಬೆಳೆಸಿ

ಅಕ್ವೇರಿಯಂ ಗಾಜಿಗೆ ಬಾಯಿ ಅಂಟಿಸಿಕೊಂಡು ಕೂತ ಓಟೊ ಎಂಬ ಪಾಚಿ ಮೀನನ್ನು ಹೊರಗಿನಿಂದ ಹತ್ತಿರ ಹೋಗಿ ನೋಡಿ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಒಂದು ಕಪ್ಪು ಪಟ್ಟೆ. ಬಾಯಿ ಪುಟ್ಟ ಬಟ್ಟಲಿನ ಹಾಗೆ ಗಾಜನ್ನು ಕಚ್ಚಿ ಹಿಡಿದಿರುತ್ತದೆ, ತುಟಿ ಒಂದೇ ಸಮ ಆಡುತ್ತಿರುತ್ತದೆ. ಅದು ದಾಟಿದ ಕಡೆ ಕಂದು ಪಾಚಿ ಅಳಿಸಿಹೋಗಿ ಗಾಜಿನ ಮೇಲೆ ತೆಳ್ಳಗಿನ ದಾರಿ ಮೂಡುತ್ತದೆ. ಬಾಯಿಯ ಹಿಂದೆಯೇ ಬೆಳ್ಳಗಿನ ಹೊಟ್ಟೆ. ಈ ಮೀನು ಬದುಕುತ್ತದೋ ಇಲ್ಲವೋ ಎಂದು ಹೇಳುವುದು ಆ ಹೊಟ್ಟೆಯೇ.

ನಾನು ಮೊದಲ ಸಲ ಓಟೊ ತಂದಾಗ ಇದು ಗೊತ್ತಿರಲಿಲ್ಲ. ಹೊಸ ಟ್ಯಾಂಕ್ ಇಟ್ಟು ಎರಡು ವಾರ ಆಗಿತ್ತು. ‘ಗಾಜು ಕ್ಲೀನ್ ಮಾಡುತ್ತೆ, ಊಟ ಏನೂ ಹಾಕಬೇಡಿ’ ಎಂದು ಅಂಗಡಿಯವರು ಹೇಳಿದ್ದರು. ನಾಲ್ಕು ಮೀನು ತಂದೆ. ಹತ್ತು ದಿನ ಕಳೆಯುವಷ್ಟರಲ್ಲಿ ನಾಲ್ಕೂ ಸತ್ತವು. ಮೈ ಮೇಲೆ ಗಾಯ ಇರಲಿಲ್ಲ, ಚುಕ್ಕೆ ಇರಲಿಲ್ಲ. ಕೊನೆಯದನ್ನು ಕೈಯಲ್ಲಿ ಹಿಡಿದು ತಿರುಗಿಸಿದಾಗ ಹೊಟ್ಟೆ ಒಳಗೆ ಎಳೆದುಕೊಂಡು ಚಮಚದ ಹಾಗೆ ಗುಳಿ ಬಿದ್ದಿತ್ತು. ತಳತಳ ಹೊಳೆಯುವ ಟ್ಯಾಂಕಿನಲ್ಲಿ ಅವು ಹಸಿವಿನಿಂದ ಸತ್ತಿದ್ದವು. ಆ ಬೇಜಾರು ಇನ್ನೂ ಹೋಗಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಯಾವ ಮೀನು, ಎಲ್ಲಿಯದು

ಪೂರ್ತಿ ಹೆಸರು ಒಟೊಸಿಂಕ್ಲಸ್. ಸಾಕುವವರ ಬಾಯಲ್ಲಿ ಓಟೊ. ದಕ್ಷಿಣ ಅಮೆರಿಕದ ಅಮೆಜಾನ್, ಪರಾಗ್ವೆ ಮುಂತಾದ ನದಿಗಳ ದಡದಲ್ಲಿ, ನೀರೊಳಗಿನ ಗಿಡ, ಬೇರು, ಎಲೆಗಳ ಮೇಲೆ ಗುಂಪಾಗಿ ಮೇಯುವ ಪುಟ್ಟ ಮೀನು. ದೊಡ್ಡದಾದರೂ 3ರಿಂದ 5 ಸೆಂ.ಮೀ. ಅಷ್ಟೇ. ಅಂಗಡಿಗೆ ಬರುವ ಓಟೊಗಳಲ್ಲಿ ಹೆಚ್ಚಿನವು ಫಾರಂನಲ್ಲಿ ಹುಟ್ಟಿದವಲ್ಲ, ನದಿಯಲ್ಲಿ ಹಿಡಿದವು. ಹಿಡಿದ ದಿನದಿಂದ ನಿಮ್ಮ ಕೈ ಸೇರುವವರೆಗೆ ಚೀಲದಿಂದ ಚೀಲಕ್ಕೆ, ತೊಟ್ಟಿಯಿಂದ ತೊಟ್ಟಿಗೆ ದಾಟುತ್ತವೆ. ಆ ದಾರಿಯಲ್ಲಿ ಪಾಚಿ ಎಲ್ಲಿಂದ ಬರಬೇಕು? ಅರೆಹೊಟ್ಟೆಯಲ್ಲೇ ಬರುತ್ತವೆ. ಮೊದಲ ಮೂರ್ನಾಲ್ಕು ವಾರ ದಾಟಿಸಿದರೆ ಆಮೇಲೆ ಇದು ಗಟ್ಟಿ ಮೀನು, ವರ್ಷಗಟ್ಟಲೆ ಇರುತ್ತದೆ.

ಇನ್ನೊಂದು ಮಾತು. ಅಂಗಡಿಯಲ್ಲಿ ‘ಸಕ್ಕರ್ ಫಿಶ್’ ಎಂದು ಸಿಗುವ ಕಪ್ಪು ಮೀನು ಇದಲ್ಲ. ಅದು ಪ್ಲೆಕೊ. ಮರಿ ಇದ್ದಾಗ ಎರಡು ಇಂಚು, ಬೆಳೆದರೆ ಒಂದಡಿಗೂ ಜಾಸ್ತಿ. ಮನೆಯ ಟ್ಯಾಂಕಿಗೆ ಅದು ಆಗುವುದಿಲ್ಲ. ಸಾಕಲಾಗದೆ ಜನ ಕೆರೆಗೆ ಬಿಡುತ್ತಾರೆ. ಹಾಗೆ ಬಿಟ್ಟ ಮೀನೇ ಇವತ್ತು ಕೇರಳದ ಹೊಳೆಗಳಲ್ಲಿ, ಕೋಲ್ಕತ್ತದ ಪೂರ್ವದ ಜೌಗು ಕೆರೆಗಳಲ್ಲಿ ಬಲೆ ಹರಿದು, ಊರ ಮೀನುಗಳ ಜಾಗ ತಿಂದು ಮೀನುಗಾರರ ಹೊಟ್ಟೆ ಮೇಲೆ ಹೊಡೆಯುತ್ತಿದೆ. ‘ಗೋಲ್ಡನ್ ಸಕ್ಕರ್’ ಎಂಬ ಹಳದಿ ಮೀನೂ ಬೇಡ. ಚಿಕ್ಕದಿದ್ದಾಗ ಸಾಧು. ದೊಡ್ಡದಾದ ಮೇಲೆ ಬೇರೆ ಮೀನುಗಳ ಮೈಗೆ ಅಂಟಿಕೊಂಡು ಲೋಳೆ ಕೆರೆಯುತ್ತದೆ.

ಕೆಲಸ ಶುರುವಾಗುವುದು ಮೂರು ತಿಂಗಳ ಮೊದಲು

ಟ್ಯಾಂಕ್ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಇದ್ದರೆ ಆರು ಓಟೊಗೆ ಸಾಕು. ಹೆಚ್ಚುಕಡಿಮೆ 55 ಲೀಟರ್ ನೀರು ಹಿಡಿಯುತ್ತದೆ. ಸ್ಪಾಂಜ್ ಫಿಲ್ಟರ್ ಹಾಕಿ, ಗಿಡ ನೆಡಿ, ಒಂದು ಮರದ ತುಂಡು ಇಡಿ. ಮೊದಲು ಬೇರೆ ಗಟ್ಟಿ ಮೀನುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಟ್ಯಾಂಕ್ ನೆಲೆ ನಿಲ್ಲಲು ಬಿಡಿ. ಮೀನಿನ ಹೇಲು, ಉಳಿದ ಊಟದಿಂದ ಅಮೋನಿಯಾ ಆಗುತ್ತದೆ. ಫಿಲ್ಟರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟಾಗಿ ತೊಂದರೆ ಕೊಡದ ನೈಟ್ರೇಟ್ ಮಾಡುತ್ತದೆ. ಇದು ಸರಿಯಾಗಲು ನಾಲ್ಕರಿಂದ ಆರು ವಾರ ಬೇಕು. ಪರೀಕ್ಷೆ ಮಾಡುವ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ಓಟೊಗೆ ಇದರಲ್ಲಿ ರಿಯಾಯಿತಿ ಇಲ್ಲ.

ಅಷ್ಟಾದ ಮೇಲೂ ಕಾಯಬೇಕು. ಗಾಜು, ಎಲೆ, ಮರದ ಮೇಲೆ ಕೈಗೆ ಜಾರುವ ತೆಳು ಪದರ ಕಟ್ಟಬೇಕು. ನಮ್ಮಲ್ಲಿ ಅದನ್ನೇ ಹಾವಸೆ ಎನ್ನುತ್ತೇವೆ. ಓಟೊಗೆ ಅದೇ ಅನ್ನ. ಹಿಂದಿನ ಗಾಜನ್ನೂ ಪಕ್ಕದ ಗಾಜನ್ನೂ ಒರೆಸಬೇಡಿ. ನೋಡಲು ಮುಂದಿನ ಗಾಜು ಒಂದು ಸಾಕಲ್ವಾ?

ಯಾವ ಪಾಚಿ ತಿನ್ನುತ್ತದೆ ಎಂಬುದೂ ತಿಳಿದಿರಲಿ. ಹೊಸ ಟ್ಯಾಂಕಿನಲ್ಲಿ ಪುಡಿ ಉದುರಿಸಿದಂತೆ ಬರುವ ಕಂದು ಪಾಚಿ ಇದಕ್ಕೆ ಬಲು ಇಷ್ಟ. ಮೆತ್ತಗಿನ ಹಸಿರು ಪಾಚಿಯನ್ನೂ ತಿನ್ನುತ್ತದೆ. ಕೂದಲಿನಂತೆ ಉದ್ದ ಬೆಳೆಯುವುದನ್ನು, ಎಲೆಯಂಚಿಗೆ ಕಪ್ಪು ಗಡ್ಡದಂತೆ ಬರುವುದನ್ನು ಮುಟ್ಟುವುದಿಲ್ಲ. ನಾತ ಬರುವ ನೀಲಿ ಹಸಿರು ಲೋಳೆ ನಿಜಕ್ಕೂ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಇವುಗಳನ್ನು ಓಡಿಸಲು ಓಟೊ ತಂದರೆ ಪಾಚಿಯೂ ಹೋಗುವುದಿಲ್ಲ, ಮೀನೂ ಉಳಿಯುವುದಿಲ್ಲ.

ಬಕೆಟ್ಟಿನಲ್ಲಿ ಕಲ್ಲಿನ ತೋಟ

ನಾನು ಮಾಡುವುದು ಹೀಗೆ. ಅಂಗೈ ಅಗಲದ ನುಣುಪಾದ ಹೊಳೆಗಲ್ಲು ಹತ್ತು ಹನ್ನೆರಡು ಆರಿಸಿಕೊಳ್ಳುತ್ತೇನೆ. ಸೋಪು ಮುಟ್ಟಿಸದೆ ಚೆನ್ನಾಗಿ ಉಜ್ಜಿ ತೊಳೆದು, ಬಿಳಿ ಬಕೆಟ್ಟಿನಲ್ಲಿಟ್ಟು, ಟ್ಯಾಂಕಿನಿಂದ ತೆಗೆದ ಹಳೇ ನೀರು ತುಂಬಿಸಿ ಬಾಲ್ಕನಿಯ ಬಿಸಿಲಿಗೆ ಇಡುತ್ತೇನೆ. ಆ ನೀರಿನಲ್ಲಿರುವ ನೈಟ್ರೇಟ್ ಪಾಚಿಗೆ ಗೊಬ್ಬರ. ಬೇಸಿಗೆಯಲ್ಲಿ ಹತ್ತು ದಿನ, ಮೋಡದ ದಿನಗಳಲ್ಲಿ ಮೂರು ವಾರ. ಕಲ್ಲು ಹಸಿರು ವೆಲ್ವೆಟ್ ಹೊದ್ದಂತೆ ಕಾಣುತ್ತದೆ. ಎರಡು ಕಲ್ಲು ಟ್ಯಾಂಕಿಗೆ, ಅವು ಬೋಳಾದ ಮೇಲೆ ವಾಪಸ್ ಬಕೆಟ್ಟಿಗೆ, ಬೇರೆ ಎರಡು ಒಳಗೆ. ಹೀಗೆ ಸರದಿ.

ಬಕೆಟ್ಟಿನ ಬಾಯಿಗೆ ಸೊಳ್ಳೆ ಪರದೆ ಬಟ್ಟೆ ಬಿಗಿಯಾಗಿ ಕಟ್ಟಲೇಬೇಕು. ನಿಂತ ನೀರು ಡೆಂಗಿ ಸೊಳ್ಳೆಗೆ ಆಹ್ವಾನ. ಮೀನಿನ ಪ್ರೀತಿಗೆ ಅಕ್ಕಪಕ್ಕದ ಮನೆಯವರು ಜ್ವರದಲ್ಲಿ ಮಲಗುವ ಹಾಗಾಗಬಾರದು. ವಾರಕ್ಕೊಮ್ಮೆ ಆ ನೀರನ್ನು ಗಿಡಕ್ಕೆ ಹಾಕಿ, ಹೊಸದು ತುಂಬಿಸಿ.

ಅಂಗಡಿಯಲ್ಲಿ ಏನು ನೋಡಬೇಕು

ಮೀನು ಗಾಜಿಗೆ ಅಂಟಿದ್ದಾಗ ಹೊಟ್ಟೆ ನೋಡಿ. ಉಬ್ಬಿ ದುಂಡಗಿದ್ದರೆ ತನ್ನಿ. ಸಪಾಟಾಗಿದ್ದರೆ ಯೋಚಿಸಿ. ಒಳಗೆ ಹೋಗಿದ್ದರೆ ಬೇಡ, ಎಷ್ಟೇ ಕನಿಕರ ಬಂದರೂ ಬೇಡ. ಅಷ್ಟು ಸೊರಗಿದ ಮೀನಿಗೆ ಆಮೇಲೆ ಊಟ ಸಿಕ್ಕರೂ ಚೇತರಿಸಿಕೊಳ್ಳುವುದು ಕಷ್ಟ. ಮೈ ಬಣ್ಣ ಮಾಸಿದ್ದರೆ, ಹೊಟ್ಟೆಯ ಕಡೆ ಕೆಂಪು ಕಲೆ ಇದ್ದರೆ, ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದರೆ ತರಬೇಡಿ.

ನನಗೆ ಗೊತ್ತಿರುವ ಒಳ್ಳೆಯ ಉಪಾಯ ಒಂದಿದೆ. ಸ್ಟಾಕ್ ಬಂದ ದಿನವೇ ಕೊಳ್ಳಬೇಡಿ. ಸ್ವಲ್ಪ ಮುಂಗಡ ಕೊಟ್ಟು, ‘ಹತ್ತು ದಿನ ಬಿಟ್ಟು ಬರ್ತೀನಿ ಅಣ್ಣ, ಅಲ್ಲೀವರೆಗೂ ಇಟ್ಕೊಂಡಿರಿ, ಸೌತೆಕಾಯಿ ಹಾಕ್ತಾ ಇರಿ’ ಅನ್ನಿ. ಅಷ್ಟು ದಿನ ತಡೆದ ಮೀನು ಮನೆಯಲ್ಲೂ ತಡೆಯುತ್ತದೆ. ಒಪ್ಪುವ ಅಂಗಡಿಯವರು ಇದ್ದಾರೆ.

ಒಂದೋ ಎರಡೋ ತರಬೇಡಿ. ಓಟೊ ಗುಂಪಿನ ಮೀನು. ಆರು ಇದ್ದರೆ ಧೈರ್ಯವಾಗಿ ಹಗಲಲ್ಲೇ ಮೇಯುತ್ತವೆ. ಒಂಟಿ ಮೀನು ಎಲೆಯ ಹಿಂದೆ ಅಡಗಿ ಕೂರುತ್ತದೆ. ಹಿಡಿಯುವಾಗ ಬಲೆಗಿಂತ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ರೆಕ್ಕೆಯ ಮೊದಲ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಾಗ ಮುರಿಯುತ್ತದೆ.

ನೀರಿಗೆ ಬಿಡುವ ದಿನ

ಮನೆಗೆ ಬಂದ ಮೇಲೆ ಲೈಟ್ ಆರಿಸಿ. ಚೀಲವನ್ನು ಹಾಗೇ 20 ನಿಮಿಷ ನೀರಿನ ಮೇಲೆ ತೇಲಬಿಡಿ. ಆಮೇಲೆ ಮೀನನ್ನೂ ಚೀಲದ ನೀರನ್ನೂ ಒಂದು ಪಾತ್ರೆಗೆ ಹಾಕಿ, ಏರ್ ಪಂಪಿನ ಸಣ್ಣ ಪೈಪಿಗೆ ಸಡಿಲ ಗಂಟು ಹಾಕಿ ಟ್ಯಾಂಕಿನ ನೀರು ತೊಟ್ಟು ತೊಟ್ಟಾಗಿ ಬೀಳುವಂತೆ ಮಾಡಿ. ಒಂದು ಗಂಟೆಯಲ್ಲಿ ನೀರು ಮೂರು ಪಟ್ಟಾದರೆ ಸರಿ. ಆಮೇಲೆ ಮೀನನ್ನು ಮಾತ್ರ ಟ್ಯಾಂಕಿಗೆ ಬಿಡಿ, ಪಾತ್ರೆಯ ನೀರನ್ನು ಸುರಿಯಬೇಡಿ.

ಹೊಸ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಡುವುದು ಒಳ್ಳೆಯ ಅಭ್ಯಾಸ. ಆದರೆ ಓಟೊಗೆ ಬೋಳು ತೊಟ್ಟಿ ಎಂದರೆ ಮತ್ತೆ ಉಪವಾಸ. ಅಲ್ಲಿ ಬಕೆಟ್ಟಿನ ಪಾಚಿಗಲ್ಲು, ಹಳೇ ಟ್ಯಾಂಕಿನ ಸ್ಪಾಂಜ್ ಇಡಿ.

ನೀರಿನ ವಿಷಯ. ಉಷ್ಣಾಂಶ 22ರಿಂದ 26 ಡಿಗ್ರಿ, ನೀರು ಎಷ್ಟು ಆಮ್ಲೀಯ ಎಂದು ಹೇಳುವ ಪಿಎಚ್ 6ರಿಂದ 7.5. ಬೆಂಗಳೂರಿನ ಕಾವೇರಿ ನೀರು ಇದಕ್ಕೆ ಸಾಮಾನ್ಯವಾಗಿ ಹೊಂದುತ್ತದೆ, ಕ್ಲೋರಿನ್ ಇರುವುದರಿಂದ ಆ್ಯಂಟಿ ಕ್ಲೋರಿನ್ ಹನಿ ಹಾಕಲೇಬೇಕು. ಬೋರ್‌ವೆಲ್ ನೀರು ಗಡಸು. ಅದಕ್ಕೆ ಆರ್‌ಒ ನೀರು ಬೆರೆಸಿ. ಬರೀ ಆರ್‌ಒ ನೀರು ಬೇಡ, ಅದರಲ್ಲಿ ಲವಣ ತೀರಾ ಕಡಿಮೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಇನ್ನೂ ಗಡಸು, ಅದು ಮೀನಿಗಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ನಲ್ಲಿ ನೀರಿನಲ್ಲಿ ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತದೆ.

ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ನೀರು 30 ದಾಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಮುಚ್ಚಳ ತೆಗೆದು ಜಾಲರಿ ಹಾಕಿ, ನೀರಿನ ಮೇಲೆ ಚಿಕ್ಕ ಫ್ಯಾನ್ ಗಾಳಿ ಬೀಸುವಂತೆ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಕೈಗೆ ಸಿಗುವಂತಿರಲಿ. ಓಟೊ ಆಗಾಗ ಸರ್ರನೆ ಮೇಲೆ ಹೋಗಿ ಒಂದು ಗುಟುಕು ಗಾಳಿ ನುಂಗಿ ಬರುತ್ತದೆ. ಅದು ಅದರ ಸ್ವಭಾವ, ಹೆದರಬೇಡಿ. ಎಲ್ಲವೂ ಪದೇ ಪದೇ ಹಾಗೆ ಮಾಡತೊಡಗಿದರೆ ಮಾತ್ರ ನೀರಿನಲ್ಲಿ ಗಾಳಿ ಸಾಲುತ್ತಿಲ್ಲ ಎಂದರ್ಥ.

ಊಟ

ಆರು ಓಟೊ ಎರಡೇ ವಾರದಲ್ಲಿ ಟ್ಯಾಂಕಿನ ಪಾಚಿ ಖಾಲಿ ಮಾಡಬಲ್ಲವು. ಆಮೇಲೆ ತರಕಾರಿಯೇ ಗತಿ.

ಸೌತೆಕಾಯಿ, ಸಿಹಿಗುಂಬಳ, ಪಾಲಕ್ ಎಲೆ, ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಜುಕಿನಿ, ಯಾವುದಾದರೂ ಆಗುತ್ತದೆ. ನಮ್ಮ ಮನೆಯಲ್ಲಿ ಎಳೇ ಹೀರೆಕಾಯಿಯೂ ನಡೆಯುತ್ತದೆ. ಸಿಪ್ಪೆ ಅಮ್ಮನ ಚಟ್ನಿಗೆ, ತಿರುಳು ಮೀನಿಗೆ. ಔಷಧ ಹೊಡೆದ ತರಕಾರಿಯ ಭಯ ಇರುವುದರಿಂದ ಚೆನ್ನಾಗಿ ತೊಳೆದು ಸಿಪ್ಪೆ ತೆಗೆಯಿರಿ. ಬೆರಳು ದಪ್ಪದ ಬಿಲ್ಲೆ ಕತ್ತರಿಸಿ, ಉಪ್ಪು ಹಾಕದ ಕುದಿಯುವ ನೀರಿನಲ್ಲಿ ಎರಡು ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿ. ಸ್ಟೀಲ್ ಫೋರ್ಕಿಗೆ ಚುಚ್ಚಿ ರಾತ್ರಿ ಲೈಟ್ ಆರಿಸುವ ಮುಂಚೆ ಮುಳುಗಿಸಿ. ಬೆಳಗ್ಗೆ ಎದ್ದ ಕೂಡಲೇ ತೆಗೆಯಿರಿ, ಮರೆತರೆ ನೀರು ಕೆಡುತ್ತದೆ.

ಮೊದಲ ದಿನ ಮುಟ್ಟದೇ ಇರಬಹುದು. ಎರಡನೇ ದಿನವೂ. ಕಾಡಿನ ಮೀನಿಗೆ ಸೌತೆಕಾಯಿ ಊಟ ಎಂದು ಗೊತ್ತಿರುವುದಿಲ್ಲ. ದಿನಾ ಅದೇ ಜಾಗದಲ್ಲಿ ಹೊಸ ಬಿಲ್ಲೆ ಇಡುತ್ತಾ ಬನ್ನಿ. ನನ್ನ ಈಗಿನ ಗುಂಪು ಒಂಬತ್ತನೇ ದಿನ ಹತ್ತಿರ ಬಂತು. ಒಂದು ಮೀನು ಬಿಲ್ಲೆಯ ಮೇಲೆ ಕೂತು ಕೆರೆಯಲು ಶುರು ಮಾಡಿತು. ಅದನ್ನು ನೋಡಿ ಇನ್ನೊಂದು. ಬೆಳಗ್ಗೆ ನೋಡಿದರೆ ಆರೂ ಸುತ್ತ ಕೂತಿದ್ದವು. ಬಿಲ್ಲೆಯ ನಡುವೆ ತಿರುಳು ಹೋಗಿ ಬೀಜದ ಜಾಲರಿ ಮಾತ್ರ ಉಳಿದಿತ್ತು. ಅಂಗಡಿಯಲ್ಲಿ ಸಿಗುವ ಒಣ ಪಾಚಿಯ ಬಿಲ್ಲೆ, ಅಂದರೆ ಪಾಚಿ ವೇಫರನ್ನೂ ವಾರಕ್ಕೆರಡು ಸಲ ಕೊಡಬಹುದು, ಬೇರೆ ಮೀನುಗಳು ಮಲಗಿದ ಮೇಲೆ.

ಜೊತೆಗಾರರು, ಕಾಯಿಲೆ

ನಿಯಾನ್ ಟೆಟ್ರಾ, ರಾಸ್ಬೋರಾ, ಕೋರಿಡೋರಾಸ್ ಎಂಬ ಸಾಧು ಪುಟ್ಟ ಮೀನುಗಳು, ಚೆರ್ರಿ ಸಿಗಡಿ ಜೊತೆ ಓಟೊ ನೆಮ್ಮದಿಯಾಗಿರುತ್ತದೆ. ಏಂಜೆಲ್, ಆಸ್ಕರ್, ಗೋಲ್ಡ್ ಫಿಶ್ ಬೇಡ. ಅವು ನುಂಗಲು ಹೋದರೆ ಓಟೊದ ಮುಳ್ಳು ಗಂಟಲಲ್ಲಿ ಸಿಕ್ಕಿ ಎರಡೂ ಸಾಯುತ್ತವೆ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಕಲ್ಲಿನ ಪಾಚಿ ಕೆರೆಯುವ ಗಾರಾ ಜಾತಿಯ ಮೀನುಗಳಿವೆ. ಅವಕ್ಕೆ ಹರಿಯುವ ನೀರು ಬೇಕು. ಹಿಡಿದು ತಂದು ಇದರ ಜೊತೆ ಬಿಡಬೇಡಿ.

ಟ್ಯಾಂಕಿನಲ್ಲಿ ಯಾವುದೋ ಮೀನಿಗೆ ಬಿಳಿ ಚುಕ್ಕೆ ಬಂತು ಎಂದು ಸುಮ್ನೆ ಕಲ್ಲುಪ್ಪು ಸುರಿಯುವವರಿದ್ದಾರೆ. ಓಟೊ ಉಪ್ಪನ್ನು ತಾಳುವುದಿಲ್ಲ. ತಾಮ್ರ ಇರುವ ಔಷಧವೂ ಅಪಾಯ. ಕಾಯಿಲೆ ಮೀನನ್ನು ಬೇರೆ ತೊಟ್ಟಿಗೆ ತೆಗೆದು ಅಲ್ಲೇ ಔಷಧ ಹಾಕಿ. ಎಲ್ಲಕ್ಕೂ ಹಾಕಲೇಬೇಕಾದರೆ ಅರ್ಧ ಪ್ರಮಾಣದಿಂದ ಶುರು ಮಾಡಿ, ಏರ್ ಪಂಪ್ ಜೋರು ಮಾಡಿ.

ಭಾನುವಾರ ಬೆಳಗ್ಗೆ ಟಾರ್ಚ್ ಹಿಡಿದು ಎಣಿಸಿ. ಒಂದೊಂದರ ಹೊಟ್ಟೆಯನ್ನೂ ನೋಡಿ. ಒಂದು ಕಡಿಮೆ ಬಂದರೆ ಫಿಲ್ಟರಿನ ಹಿಂದೆ, ಮರದ ಕೆಳಗೆ ಹುಡುಕಿ. ಸತ್ತಿದ್ದರೆ ಆಗಲೇ ತೆಗೆಯಬೇಕು. ಹಾಗೆ ಹುಡುಕುವಾಗ ಎಲೆಯ ಅಡಿಯಲ್ಲೋ ಗಾಜಿನ ಮೇಲೋ ಸಾಸಿವೆಗಿಂತ ಚಿಕ್ಕ, ನೀರಿನ ಹನಿಯಂಥ ಮಣಿಗಳು ಒಂದೊಂದಾಗಿ ಅಂಟಿರುವುದು ಕಾಣಬಹುದು. ಬಸವನ ಹುಳುವಿನ ಮೊಟ್ಟೆ ಲೋಳೆಯ ಮುದ್ದೆಯಾಗಿರುತ್ತದೆ, ಇವು ಬಿಡಿ ಬಿಡಿಯಾಗಿರುತ್ತವೆ. ಓಟೊ ಮೊಟ್ಟೆ ಇರಬಹುದು. ಎರಡು ಮೂರು ದಿನದಲ್ಲಿ ಒಡೆಯುತ್ತವೆ. ಆ ವಾರ ಅಲ್ಲಿ ಗಾಜು ಒರೆಸಬೇಡಿ.